ಪುಲ್‌ಅಪ್ ತಾಹಿರ್ ಅವರಿಗೆ ಸನ್ಮಾನ

ಕ್ಯಾಪ್ಟನ್ ತಾಹಿರ್ ಅವರಿಗೆ ದೋಹಾದ ಅವರ ವಿಮಾನ ಕಂಪನಿಯಲ್ಲಿ ‘ಪುಲ್‌ಅಪ್ ತಾಹಿರ್’ ಎಂಬ ಅಡ್ಡಹೆಸರಿತ್ತು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಅದು ಅವರ ಕಿವಿಗೆ ಬಿದ್ದಿತ್ತು, ಬಿದ್ದು ಸಿಟ್ಟು ಬರುವ ಬದಲು ಸ್ವಲ್ಪ ಹೆಮ್ಮೆಯೇ ಆಗಿತ್ತು.

ಹಾರುತ್ತಿರುವ ವಿಮಾನ ಎದುರಿನ ಗುಡ್ಡಕ್ಕೋ ಕೆಳಗಿನ ನೆಲಕ್ಕೋ ತೀರ ಹತ್ತಿರವಾದರೆ ಕಾಕ್‌ಪಿಟ್ಟಿನಲ್ಲಿ ಒಂದು ಯಂತ್ರ ಗಟ್ಟಿಯಾಗಿ ಕೂಗುತ್ತದೆ: ‘ಟೆರೇನ್, ಟೆರೇನ್, ಪುಲ್ ಅಪ್!’ ನೆಲ ಬಂತು, ಮೇಲಕ್ಕೆಳೆ ಎಂದು ಅದರ ಅರ್ಥ. ಆ ಕೂಗು ಕೇಳಿದ ಕೂಡಲೇ ಪೈಲಟ್ ಆಟೊಪೈಲಟ್ ತೆಗೆದು, ಇಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು, ಮುಂದಿರುವ ಹಿಡಿಕೆಯನ್ನು ಎದೆಯ ಕಡೆಗೆ ಎಳೆದು ವಿಮಾನದ ಮೂತಿಯನ್ನು ಆಕಾಶಕ್ಕೆ ಎತ್ತಬೇಕು. ಯಾಕೆ ಕೂಗಿತು, ಗುಡ್ಡ ಎಲ್ಲಿತ್ತು ಎಂಬ ವಿಚಾರಣೆಯೆಲ್ಲ ಮೇಲೆ ಹೋದಮೇಲೆ. ಕೇಳುವುದಕ್ಕೆ ಇದು ಸುಲಭ. ಆದರೆ ಮನುಷ್ಯ ಎಷ್ಟು ಓದಿದ್ದರೂ ಎಳೆಯುವ ಮುಂಚೆ ಒಂದು ಸಲ ಕಿಟಕಿಯ ಹೊರಗೆ ನೋಡುತ್ತಾನೆ. ಯಂತ್ರ ಸುಳ್ಳು ಹೇಳುತ್ತಿರಬಹುದೇ ಎಂದು ಯೋಚಿಸುತ್ತಾನೆ. ತಾವು ವಿಮಾನ ಹಾರಿಸದ ದಿನಗಳಲ್ಲಿ ತಾಹಿರ್ ಅವರ ಕೆಲಸ ಬೇರೆ ಪೈಲಟ್‌ಗಳ ಈ ಚಟವನ್ನು ಬಿಡಿಸುವುದಾಗಿತ್ತು.

ಬಿಡಿಸುವ ಜಾಗ ಸಿಮ್ಯುಲೇಟರ್, ಅಂದರೆ ನೆಲದ ಮೇಲೇ ನಿಂತು ಹಾರುವಂತೆ ಅಲುಗಾಡುವ ದೊಡ್ಡ ಪೆಟ್ಟಿಗೆ. ಒಳಗೆ ಕಾಕ್‌ಪಿಟ್ಟು, ಕಿಟಕಿಯಲ್ಲಿ ಚಿತ್ರದ ಮೋಡ, ಚಿತ್ರದ ಗುಡ್ಡ. ಮೂರು ವರ್ಷಗಳ ಹಿಂದೆ ಮೋಕ್ಷಾ ಎಂಬ ಹೊಸ ಹುಡುಗಿ ಅಲ್ಲಿ ಅವರ ಕೈಗೆ ಸಿಕ್ಕಳು. ಅವಳು ಬೆಳೆದದ್ದು ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೇ ಫ್ಲ್ಯಾಟಿನಲ್ಲಿ. ತಂದೆ ತನಿಯ, ಬಂಟ್ವಾಳದ ಕಡೆಯವನು, ದೋಹಾಕ್ಕೆ ಎಸಿ ರಿಪೇರಿಗೆಂದು ಬಂದು ಸೂಪರ್‌ವೈಸರ್ ಆದವನು. ಮೋಕ್ಷಾಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಬಂದದ್ದು ಅಮ್ಮ ನೋಡುವ ಧಾರಾವಾಹಿಗಳಿಂದ. ತಾಹಿರ್ ಉಪ್ಪಿನಂಗಡಿಯ ಬ್ಯಾರಿ. ತುಳು ಅವರಿಗೂ ಚೆನ್ನಾಗಿ ಬರುತ್ತಿತ್ತು. ಆದರೆ ಮೇಷ್ಟ್ರ ಗತ್ತು ಕನ್ನಡದಲ್ಲೇ ಹೆಚ್ಚು ಎಂದು ಬೈಯುವುದನ್ನೆಲ್ಲ ಕನ್ನಡದಲ್ಲೇ ಇಟ್ಟುಕೊಂಡಿದ್ದರು.

ಆ ದಿನ ಯಂತ್ರ ಕೂಗಿದಾಗ ಮೋಕ್ಷಾ ಕಿಟಕಿಯತ್ತ ನೋಡಿದಳು. ತಾಹಿರ್ ಪೆಟ್ಟಿಗೆಯನ್ನು ನಿಲ್ಲಿಸಿದರು.

“ಎಂತ ನೋಡಿದ್ದು?”

“ಸರ್, ಗುಡ್ಡ ಎಲ್ಲಿ ಉಂಟು ಅಂತ.”

“ಕಂಡಿತಾ?”

“ಇಲ್ಲ ಸರ್, ಮೋಡ ಕಂಡಿತು.”

“ಇನ್ನೂ ಸ್ವಲ್ಪ ನೋಡಿದ್ದಿದ್ದರೆ ಗುಡ್ಡವೂ ಕಾಣ್ತಿತ್ತು. ಆಮೇಲೆ ಬೇರೇನೂ ಕಾಣ್ತಿರಲಿಲ್ಲ. ಅದು ಕೂಗಿದರೆ ನೀನು ನೋಡ್ಲಿಕ್ಕಿಲ್ಲ, ಕೇಳ್ಲಿಕ್ಕಿಲ್ಲ, ಯೋಚನೆ ಮಾಡ್ಲಿಕ್ಕಿಲ್ಲ. ಎಳೀಬೇಕು. ನಿನ್ನ ಪಕ್ಕದಲ್ಲಿ ನಾನೇ ಕೂತಿದ್ದರೂ ಎಳೀಬೇಕು. ಯಲ್ಲಾ, ನಡಿ, ಮತ್ತೊಮ್ಮೆ.”

ಸಂಜೆಯವರೆಗೆ ಎಳೆಸಿದರು. ಅವಳ ಭುಜ ನೋಯುವಷ್ಟು ಎಳೆಸಿ, ಕೊನೆಗೆ ಪಾಸು ಮಾಡಿದರೂ ‘ಪ್ರತಿಕ್ರಿಯೆ ಸ್ವಲ್ಪ ನಿಧಾನ’ ಎಂದು ಷರಾ ಬರೆದರು. ಕಂಪನಿಯ ಕಂಪ್ಯೂಟರ್ ಆ ಷರಾವನ್ನು ನೆನಪಿಟ್ಟುಕೊಂಡಿತು.

ಮನೆಯಲ್ಲಿ ಕ್ಯಾಪ್ಟನ್ ಬೇರೆಯೇ ಮನುಷ್ಯ. ಐನ್ ಖಾಲಿದ್ ಬಡಾವಣೆಯ ಅವರ ವಿಲ್ಲಾದ ಅಡುಗೆಕೋಣೆಯಲ್ಲಿ ಹೊಗೆಯ ಅಲಾರಂ ಒಂದಿತ್ತು. ಹೆಂಡತಿ ರಾಹಿಲಾ ಬಂಗುಡೆ ಕಾಯಿಸಿದಾಗೆಲ್ಲ ಅದು ಚೀರುತ್ತದೆಂದು ತಾಹಿರ್ ಅದರ ಬ್ಯಾಟರಿ ಕಿತ್ತು ಟಿವಿ ರಿಮೋಟಿಗೆ ಹಾಕಿದ್ದರು. ಗಲ್ಫಿನ ಕಾರುಗಳಲ್ಲಿ ವೇಗ ನೂರಿಪ್ಪತ್ತು ದಾಟಿದರೆ ಟಿಂಗ್ ಟಿಂಗ್ ಎಂಬ ಗಂಟೆ ಶುರುವಾಗುತ್ತದಲ್ಲ, ಸಲ್ವಾ ರಸ್ತೆಯಲ್ಲಿ ಅವರು ಅದರ ತಾಳಕ್ಕೆ ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತಿದ್ದರು. ಕಂಪನಿಯ ಡಾಕ್ಟರು ತುಪ್ಪದನ್ನ ಕಡಿಮೆ ಮಾಡಿ ಎಂದರೆ, ಡಾಕ್ಟರಿಗೆ ತುಪ್ಪದನ್ನ ಅಂದರೆ ಏನೆಂದು ಗೊತ್ತಿಲ್ಲ ಎನ್ನುತ್ತಿದ್ದರು.

“ಊರಿಗೆಲ್ಲ ಪಾಠ ಹೇಳುವುದು ಮಾತ್ರ. ಇಲ್ಲಿ ನಾನು ದಿನಾ ಕೂಗ್ತೇನೆ, ಒಂದು ದಿನ ಕೇಳಿದ್ದುಂಟಾ?” ಎಂದು ರಾಹಿಲಾ ಕೇಳುತ್ತಿದ್ದರು.

“ನೀನು ಸರ್ಟಿಫೈಡ್ ಯಂತ್ರ ಅಲ್ಲವಲ್ಲ ಮಾರಾಯ್ತಿ” ಎಂದು ತಾಹಿರ್ ನಗುತ್ತಿದ್ದರು.

ರಾಹಿಲಾ ಅವರ ತಂದೆ ಪಕೀರಬ್ಬ ನಗುತ್ತಿರಲಿಲ್ಲ. ಕಾರ್ನಿಷ್ ರಸ್ತೆಯಲ್ಲಿ ಗೋಪುರಗಳೇಳುವ ಮೊದಲೇ ದೋಹಾಕ್ಕೆ ಬಂದು, ಬಹುಕಾಲ ನೀರಿನ ಟ್ಯಾಂಕರ್ ಓಡಿಸಿ, ಈಗ ಮಗಳ ಮನೆಯಲ್ಲಿದ್ದರು. ವಿಮಾನ ಓಡಿಸುವ ಅಳಿಯನ ಮಾತೆಂದರೆ ಅವರಿಗೆ ಮಸೀದಿಯ ಬಾಂಗಿನ ನಂತರದ ಸ್ಥಾನ.

ಇನ್ನು ಒಂದು ಊರಿನ ವಿಷಯ. ಕಾಕಸಸ್ ಪರ್ವತಗಳ ಬುಡದಲ್ಲಿ ಸಣ್ಣ ವಿಮಾನ ನಿಲ್ದಾಣವೊಂದಕ್ಕೆ ತಾಹಿರ್ ಅವರ ಕಂಪನಿ ವಾರಕ್ಕೆರಡು ಸಲ ಹಾರುತ್ತಿತ್ತು. ದೋಹಾದ ಸೆಕೆ ತಡೆಯಲಾರದವರು ತಂಪಿಗೆಂದು ಅಲ್ಲಿಗೆ ಹೋಗುತ್ತಾರೆ. ಕೆಲವು ವರ್ಷಗಳ ಹಿಂದೆ ಕಾಕ್‌ಪಿಟ್ಟಿನ ಯಂತ್ರದೊಳಗಿನ ನಕ್ಷೆಯಲ್ಲಿ ಆ ಊರಿನ ಗುಡ್ಡವೊಂದು ತಪ್ಪಾಗಿ ಗುರುತಾಗಿತ್ತು. ಹಾಗಾಗಿ ನಿಲ್ದಾಣಕ್ಕೆ ಇಳಿಯುವಾಗ ಸುಮ್ಮಸುಮ್ಮನೆ ‘ಪುಲ್ ಅಪ್’ ಕೂಗುತ್ತಿತ್ತು. ಇಲ್ಲಿನ ಕೂಗು ಸುಳ್ಳು, ಹಗಲಿನಲ್ಲಿ ನೆಲ ಸ್ಪಷ್ಟವಾಗಿ ಕಾಣುತ್ತಿದ್ದರೆ ಮುಂದುವರಿಯಬಹುದು ಎಂದು ಕಂಪನಿಯೇ ಆಗ ಸೂಚನೆ ಕೊಟ್ಟಿತ್ತು. ಆಮೇಲೆ ನಕ್ಷೆ ಸರಿಯಾಯಿತು, ರಿಯಾಯಿತಿ ರದ್ದಾಯಿತು. ರದ್ದಾದ ಸುದ್ದಿಯನ್ನು ತರಗತಿಯಲ್ಲಿ ಎಲ್ಲ ಪೈಲಟ್‌ಗಳಿಗೆ ಓದಿ ಹೇಳಿದ್ದು ತಾಹಿರ್ ಅವರೇ. ಅರ್ಥವಾಯಿತೇ ಎಂದು ಎರಡೆರಡು ಸಲ ಕೇಳಿದ್ದೂ ಅವರೇ.

ಕಳೆದ ವರ್ಷ ಮೇ ತಿಂಗಳಲ್ಲಿ, ಒಂದು ಮಧ್ಯಾಹ್ನ, ಅವರು ಆ ಊರಿಗೆ ವಿಮಾನ ಇಳಿಸುತ್ತಿದ್ದರು. ಪಕ್ಕದ ಸೀಟಿನಲ್ಲಿ ಫಸ್ಟ್ ಆಫೀಸರ್ ಮೋಕ್ಷಾ. ಕೆಳಗೆ ಹೊಳೆ, ಹೊಲ, ಕೆಂಪು ಮಾಡಿನ ಮನೆಗಳು ತೊಳೆದಿಟ್ಟಂತೆ ಕಾಣುತ್ತಿದ್ದವು. ಮುಂದೆ ಮಾತ್ರ ಬಿಳಿ ಮೋಡದ ತುಂಡುಗಳು ಗುಂಪಾಗಿ ನಿಂತಿದ್ದವು. ಪ್ರಯಾಣ ತಡವಾಗಿತ್ತು. ತಾಹಿರ್ ನಕ್ಷೆ ಹೇಳಿದ್ದಕ್ಕಿಂತ ಸ್ವಲ್ಪ ಮೊದಲೇ ಇಳಿಯತೊಡಗಿದರು.

“ಕ್ಯಾಪ್ಟನ್, ಸ್ವಲ್ಪ ಅರ್ಲಿ ಅಲ್ವಾ?” ಎಂದಳು ಮೋಕ್ಷಾ.

“ನೆಲ ಕಾಣ್ತಾ ಉಂಟಲ್ಲ. ಈ ಊರು ನನಗೆ ನಮ್ಮ ಹಿತ್ತಿಲಿನ ಹಾಗೆ.”

ವಿಮಾನ ಮೋಡದೊಳಕ್ಕೆ ನುಗ್ಗಿತು. ಕಿಟಕಿಗಳೆಲ್ಲ ಬೆಳ್ಳಗಾದವು. ಆಗಲೇ ಯಂತ್ರ ಕೂಗಿದ್ದು.

ಟೆರೇನ್, ಟೆರೇನ್. ಪುಲ್ ಅಪ್.

ಸಾವಿರಾರು ಸಲ ಬೇರೆಯವರಿಗೆ ಕೇಳಿಸಿದ ದನಿ ಅದು. ತಾಹಿರ್ ಅವರ ಕೈ ಹಿಡಿಕೆಯ ಮೇಲೇ ಇತ್ತು. ಅದು ಅಲುಗಲಿಲ್ಲ.

“ಹಳೇ ಕತೆ. ಇಲ್ಲಿ ಯಾವಾಗಲೂ ಹೀಗೇ ಕೂಗ್ತದೆ” ಎಂದರು. ಹೇಳಿ, ಕಿಟಕಿಯ ಹೊರಗೆ ನೋಡಿದರು.

ಪುಲ್ ಅಪ್.

“ಐ ಹ್ಯಾವ್ ಕಂಟ್ರೋಲ್” ಎಂದಳು ಮೋಕ್ಷಾ. ಇನ್ನು ವಿಮಾನ ನನ್ನ ಕೈಯಲ್ಲಿ ಎಂದು ಹೇಳುವ ಕ್ರಮ ಅದು. ಅವಳು ಹೇಳಿದ್ದು ಮೆಲ್ಲಗೆ, ಎಳೆದದ್ದು ಮಾತ್ರ ಬಲವಾಗಿ. ಆ ವಿಮಾನದಲ್ಲಿ ಎರಡೂ ಕಡೆಯ ಹಿಡಿಕೆಗಳು ಒಟ್ಟಿಗೇ ಚಲಿಸುತ್ತವೆ. ತಾಹಿರ್ ಅವರ ಅಂಗೈಯೊಳಗಿದ್ದ ಹಿಡಿಕೆ ತಾನಾಗಿ ಅವರ ಎದೆಯ ಕಡೆಗೆ ಬಂತು. ಅವರು ಬಿಗಿಹಿಡಿದಿದ್ದರೆ ಅಲ್ಲೊಂದು ಜಗ್ಗಾಟವಾಗುತ್ತಿತ್ತು. ಅವರು ಕೈ ಬಿಟ್ಟರು.

ಇಂಜಿನ್ ಮೊರೆಯಿತು. ಮೈ ಸೀಟಿಗೆ ಒತ್ತಿಕೊಂಡಿತು. ಹಿಂದೆ ಎಲ್ಲೋ ಪಾತ್ರೆಗಳು ಉರುಳಿದವು. ಆಗ ಎಡಗಡೆಯ ಮೋಡ ಸೀಳಿ ಒಂದು ಗುಡ್ಡದ ಬೆನ್ನು ಕಾಣಿಸಿತು. ಕಪ್ಪು ಕಲ್ಲು, ಕರಗದ ಹಿಮದ ಒಂದು ತೇಪೆ, ಕುರಿದೊಡ್ಡಿಯ ಬೇಲಿ. ಬೇಲಿಯ ಗೂಟಗಳು ಬಿಡಿಬಿಡಿಯಾಗಿ ಕಾಣಿಸುವಷ್ಟು ಹತ್ತಿರ. ಗುಡ್ಡದ ನೆತ್ತಿ ಕೆಳಗೆ ಸರಿಯಿತು, ಮೋಡ ಮತ್ತೆ ಮುಚ್ಚಿತು, ಯಂತ್ರ ಸುಮ್ಮನಾಯಿತು.

ಆಮೇಲೆ ಮೋಕ್ಷಾ ನಿಯಂತ್ರಣ ಕೇಂದ್ರದವರಿಗೆ ವಿಷಯ ತಿಳಿಸಿದಳು. ತಾಹಿರ್ ಹಿಡಿಕೆಯನ್ನು ಮರಳಿ ಕೈಗೆ ತೆಗೆದುಕೊಂಡು, ಮತ್ತೆ ಸುತ್ತು ಹಾಕಿ, ಈ ಸಲ ನಕ್ಷೆಯ ಒಂದು ಗೆರೆಯನ್ನೂ ಮೀರದೆ ವಿಮಾನ ಇಳಿಸಿದರು.

ತಾವು ಬದುಕಿದ್ದೇವೆಂಬುದು ಹೊಸ ಸುದ್ದಿ ಎಂದು ಪ್ರಯಾಣಿಕರಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತ ತಾಹಿರ್ ಅವರ ಮುಂದೆ ಬಿಳಿ ಅಂಗಿಯ ಒಬ್ಬರು ನಿಂತು, ಎದೆಯ ಮೇಲಿನ ಕಾಫಿ ಕಲೆ ತೋರಿಸಿ, “ಕ್ಯಾಪ್ಟನ್, ಸ್ವಲ್ಪ ನಿಧಾನವಾಗಿ ಓಡಿಸಲಿಕ್ಕೆ ಕಲಿಯಿರಿ” ಎಂದು ಹಿಂದಿಯಲ್ಲಿ ಬುದ್ಧಿ ಹೇಳಿ ಹೋದರು. ತಾಹಿರ್ ಕ್ಷಮೆ ಕೇಳಿದರು. ಆ ದಿನ ಅವರು ಬಾಯಿಬಿಟ್ಟು ಕ್ಷಮೆ ಕೇಳಿದ್ದು ಆ ಕಾಫಿಗೆ ಮಾತ್ರ.

ಅದೇ ವಿಮಾನದಲ್ಲಿ ವಾಪಸು ಬರುವಾಗ, “ಆಫೀಸಿಗೆ ನಾನು ಹೇಳ್ತೇನೆ” ಎಂದರು. “ಓಕೆ ಸರ್” ಎಂದಳು ಮೋಕ್ಷಾ. ಕಾಕ್‌ಪಿಟ್ಟಿನ ಮಾತುಗಳನ್ನು ದಾಖಲಿಸುವ ಯಂತ್ರ ಹಳೆಯ ಮಾತಿನ ಮೇಲೆ ಹೊಸ ಮಾತು ಬರೆಯುತ್ತ ಹೋಗುತ್ತದೆ. ದೋಹಾ ತಲುಪುವಷ್ಟರಲ್ಲಿ ಅದರಲ್ಲಿ ಉಳಿದದ್ದು ಇವರಿಬ್ಬರ ಮೌನ.

ಮರುದಿನ ಫೋನು ಮಾಡಿದವರು ತರಬೇತಿ ವಿಭಾಗದ ಮುಖ್ಯಸ್ಥ ಅಲೋಶಿಯಸ್. ಮಂಗಳೂರಿನವರು, ತಾಹಿರ್ ಅವರ ಹಳೆಯ ಗೆಳೆಯರು. ವಿಮಾನದ ದಾಖಲೆಗಳನ್ನು ಆಗಲೇ ನೋಡಿದ್ದರು. ಎಳೆದ ಕೈ ಯಾರದ್ದೆಂದು ಅವು ಹೇಳುತ್ತಿರಲಿಲ್ಲ. ಬೇಗ ಇಳಿದದ್ದಕ್ಕೆ ಒಂದೆರಡು ಮಾತು ಗದರಿಸಿ, ತಕ್ಷಣ ದನಿ ಬದಲಿಸಿದರು.

“ಆದರೆ ಎಳೆದದ್ದು ಉಂಟಲ್ಲ ಮಾರಾಯ್ರೆ, ಎಂಥ ಎಳೆತ! ಪುಸ್ತಕದಲ್ಲಿ ಹಾಕಬೇಕು. ಮೋಡದಲ್ಲಿ ಒಂಚೂರು ತಡ ಮಾಡಿದ್ದಿದ್ದರೆ ನಾವು ಇವತ್ತು ಬೇರೆ ಕೆಲಸದಲ್ಲಿ ಇರ್ತಿದ್ದೆವು.”

“ಹೌದು. ಎಳೆದೆವು” ಎಂದರು ತಾಹಿರ್.

ಅದು ಸುಳ್ಳಲ್ಲ. ಕಾಕ್‌ಪಿಟ್ಟಿನಲ್ಲಿ ಇಬ್ಬರಿದ್ದರು, ಹಿಡಿಕೆ ಎಳೆಯಲ್ಪಟ್ಟಿತ್ತು, ‘ಎಳೆದೆವು’ ಎಂದರೆ ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಆ ಬಹುವಚನವನ್ನು ಅಲೋಶಿಯಸ್ ದೊಡ್ಡ ಕ್ಯಾಪ್ಟನ್ನರ ಸಭ್ಯತೆ ಎಂದುಕೊಂಡರು. ತಾಹಿರ್ ಬಾಯಿ ತೆರೆದರು, ಇನ್ನೊಂದು ವಾಕ್ಯ ನಾಲಿಗೆಯವರೆಗೆ ಬಂತು. ಅಷ್ಟರಲ್ಲಿ ಅಲೋಶಿಯಸ್ ಫೋನು ಇಟ್ಟಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡರು.

ನಾಳೆಯ ಹೊತ್ತಿಗೆ ವಿಷಯ ಅವರ ಕೈಮೀರಿತ್ತು. ಮೇಲಿನವರಿಂದ ಅಭಿನಂದನೆ ಬಂತು. ಹಳೆಯ ಸುಳ್ಳು ಕೂಗಿನ ನೆನಪಿದ್ದೂ ಯಂತ್ರವನ್ನೇ ನಂಬಿದ ಕ್ಯಾಪ್ಟನ್ ಎಂದು ಕಂಪನಿಯ ಪತ್ರಿಕೆಯಲ್ಲಿ ಅರ್ಧ ಪುಟ ಬಂತು. ತರಬೇತಿ ಕಟ್ಟಡದ ಗೋಡೆಗೆ ಪೋಸ್ಟರ್ ಬಂತು. ಅದರಲ್ಲಿ ಕೈಕಟ್ಟಿ ನಿಂತ ತಾಹಿರ್, ಕೆಳಗೆ ಇಂಗ್ಲಿಷಿನಲ್ಲಿ ‘ಅವರು ಹೊರಗೆ ನೋಡಲಿಲ್ಲ’. ಪಕೀರಬ್ಬ ಅದರ ಫೋಟೊವನ್ನು ಬಿನ್ ಮಹಮೂದ್‌ನ ಎಲ್ಲ ಹಳೆ ಗೆಳೆಯರಿಗೆ ಕಳಿಸಿ, ಜೊತೆಗೆ ಹಲ್ವ ಹಂಚಿ ಬಂದರು. ಗೆಳೆಯರಲ್ಲಿ ಮೋಕ್ಷಾಳ ತಂದೆ ತನಿಯನೂ ಒಬ್ಬ. ಅವನೂ ಹಲ್ವ ತಿಂದು, ಕ್ಯಾಪ್ಟನ್ನರಿಗೆ ಶುಭಾಶಯ ಹೇಳಿ ಕಳಿಸಿದ. ಮಗಳು ಮನೆಯಲ್ಲಿ ಏನೂ ಹೇಳಿರಲಿಲ್ಲ.

ಮೋಕ್ಷಾಳ ಪಾಲಿಗೆ ಬಂದದ್ದು ಬೇರೆ. ಇಂಥ ಘಟನೆಯ ನಂತರ ಇಬ್ಬರೂ ಪೈಲಟ್‌ಗಳ ಹಳೆಯ ತರಬೇತಿಯನ್ನು ಕಂಪ್ಯೂಟರ್ ಜಾಲಾಡುತ್ತದೆ. ತಾಹಿರ್ ಅವರದ್ದು ಕನ್ನಡಿಯಂತಿತ್ತು. ಮೋಕ್ಷಾಳದ್ದರಲ್ಲಿ ‘ಪ್ರತಿಕ್ರಿಯೆ ಸ್ವಲ್ಪ ನಿಧಾನ’ ಎಂಬ ಷರಾ ಸಿಕ್ಕಿತು. ಪುಲ್‌ಅಪ್ ಎಚ್ಚರಿಕೆಗೆ ಸ್ಪಂದಿಸುವುದರಲ್ಲಿ ಅವಳಿಗೆ ಮರುತರಬೇತಿ ಬೇಕೆಂದು ಕಂಪ್ಯೂಟರ್ ತಾನಾಗಿ ತೀರ್ಮಾನಿಸಿತು. ಕಲಿಸುವವರು ಯಾರೆಂದೂ ಅದೇ ಆರಿಸಿತು: ಕ್ಯಾಪ್ಟನ್ ತಾಹಿರ್.

ಮರುತರಬೇತಿಯ ದಿನ ಬೆಳಿಗ್ಗೆ ಸಿಮ್ಯುಲೇಟರಿನ ಬಾಗಿಲಲ್ಲಿ ಇಬ್ಬರೂ ಭೇಟಿಯಾದರು. “ಗುಡ್ ಮಾರ್ನಿಂಗ್ ಸರ್” ಎಂದಳು ಅವಳು, ಪೋಸ್ಟರಿನ ಕೆಳಗೇ ನಿಂತು.

ತಾಹಿರ್ ಚಿತ್ರದ ಮೋಡ ತಂದರು. ಯಂತ್ರ ‘ಟೆರೇ’ ಎನ್ನುವಷ್ಟರಲ್ಲಿ ಅವಳು ಎಳೆದಾಗಿತ್ತು. ಮತ್ತೆ ಗುಡ್ಡ ತಂದರು, ಮತ್ತೆ ಎಳೆದಳು. ಅವಳ ಕಣ್ಣು ಒಮ್ಮೆಯೂ ಕಿಟಕಿಯತ್ತ ಹೋಗಲಿಲ್ಲ. ತಾಹಿರ್ ಪೆಟ್ಟಿಗೆ ನಿಲ್ಲಿಸಿದರು.

“ಆ ದಿನ ಎಳೆದದ್ದು ನೀನೇ ಅಂತ ಯಾಕೆ ಯಾರಿಗೂ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ ಸರ್.”

“ಈ ತರಬೇತಿ ನಿನಗೆ ಹಾಕಿದಾಗಲಾದರೂ?”

ಅವಳು ಬೆಲ್ಟಿನ ಬಕಲು ತಿರುಗಿಸುತ್ತ ಕೂತಳು. “ಹೇಳಿದ್ರೆ ಕ್ಯಾಪ್ಟನ್ ಮೇಲೆ ಕಂಪ್ಲೇಂಟ್ ಮಾಡಿದ ಹಾಗೆ ಆಗ್ತದೆ. ಆಮೇಲೆ ಎಲ್ಲ ಕ್ಯಾಪ್ಟನ್ಸ್ ನನ್ನನ್ನು ನೋಡುವ ರೀತಿ ಬೇರೆ ಆಗ್ತದೆ. ಮತ್ತೆ ಸರ್... ನಿಜ ಹೇಳ್ಬೇಕಾದ್ರೆ, ನನಗೆ ಆವತ್ತು ಯೋಚನೆ ಎಂತದೂ ಬರ್ಲಿಲ್ಲ. ನೀವು ಹೇಳಿದ ಹಾಗೇ ಮಾಡಿದ್ದು. ‘ಪಕ್ಕದಲ್ಲಿ ನಾನೇ ಕೂತಿದ್ದರೂ ಎಳಿ’ ಅಂದಿದ್ರಲ್ಲ. ಕೂತಿದ್ರಿ. ಎಳೆದೆ.”

ತಾಹಿರ್‌ಗೆ ನಗು ಬಂದಂತಾಯಿತು. ತಾನು ಕಲಿಸಿದ್ದನ್ನು ಆ ಕಾಕ್‌ಪಿಟ್ಟಿನಲ್ಲಿ ಕಲಿತಿದ್ದವರು ಒಬ್ಬರೇ ಎಂದು ಅವರಿಗೆ ಅಂದೇ ಗೊತ್ತಾಗಿತ್ತು. ಅದನ್ನು ಅವಳ ಬಾಯಿಂದ, ಅಷ್ಟು ಮರ್ಯಾದೆಯಿಂದ ಕೇಳುವುದು ಬೇರೆ. ಬೈದಿದ್ದರೆ ಸುಲಭವಿತ್ತು.

ಅವರು ನೇರವಾಗಿ ಅಲೋಶಿಯಸ್ ಅವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದರು. ಅಲೋಶಿಯಸ್ ಬಾಗಿಲು ಮುಚ್ಚಿದರು.

“ಈಗ ಹೇಳ್ತೀರಲ್ಲ! ಪೋಸ್ಟರ್ ಪ್ರಿಂಟ್ ಆಗಿದೆ. ಚೇರ್ಮನ್ ಭಾಷಣದಲ್ಲಿ ನಿಮ್ಮ ಹೆಸರು ಬಂದಿದೆ. ಯಾರು ಎಳೆದರೇನು, ವಿಮಾನ ಮೇಲೆ ಹೋಯ್ತಲ್ಲ? ಖಲಾಸ್.”

“ಆ ಹುಡುಗಿಗೆ ಮರುತರಬೇತಿ ಹಾಕಿದ್ದೀರಿ.”

“ಅದು ಕಂಪ್ಯೂಟರ್ ಹಾಕಿದ್ದು. ಪಾಸು ಮಾಡಿ ಬಿಡಿ. ಒಂದು ವಾರ ಸುಮ್ಮನಿರಿ ಮಾರಾಯ್ರೆ, ನಾನು ಯೋಚನೆ ಮಾಡ್ತೇನೆ.”

ಎಚ್ಚರಿಕೆ ಕೇಳಿದ ತಕ್ಷಣ ಸ್ಪಂದಿಸಬೇಕೆಂದು ಕಂಪನಿಗೆಲ್ಲ ಸುತ್ತೋಲೆ ಕಳಿಸುತ್ತಿದ್ದ ವಿಭಾಗ ಅದು.

ಆ ವಾರದ ಶುಕ್ರವಾರವೇ ಸನ್ಮಾನವಿತ್ತು. ಅಲ್ ರಯ್ಯಾನ್‌ನ ಒಂದು ಹೋಟೆಲಿನ ಹಾಲ್‌ನಲ್ಲಿ, ಜುಮಾ ನಮಾಜು ಮುಗಿದ ಮೇಲೆ, ಕರಾವಳಿಯವರ ಒಂದು ಸಣ್ಣ ಕೂಟ ಅದನ್ನು ಏರ್ಪಡಿಸಿತ್ತು. ತಾಹಿರ್ ಬೇಡವೆಂದಿದ್ದರು. ಅಳಿಯನ ಪರವಾಗಿ ಪಕೀರಬ್ಬ ಒಪ್ಪಿಕೊಂಡು, ಬಿರಿಯಾನಿಯ ಏರ್ಪಾಡನ್ನೂ ಮಾಡಿಬಿಟ್ಟಿದ್ದರು. ಕೂಟದ ಅಧ್ಯಕ್ಷ ಪೃಥ್ವಿರಾಜ್ ವೇದಿಕೆಯಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ ಜೋಡಿಸಿಟ್ಟು, ಮೈಕಿನಲ್ಲಿ ಆ ಗುಡ್ಡವನ್ನು ತಾನೇ ನೋಡಿಬಂದವರಂತೆ ವರ್ಣಿಸಿದರು. ತನಿಯ, ಹೆಂಡತಿ ಚೆನ್ನುವಿನ ಜೊತೆ, ಕೊನೆಯ ಸಾಲಿನಲ್ಲಿ ಕೂತಿದ್ದ. ಮೋಕ್ಷಾ ಅಂದು ಮಸ್ಕತ್ತಿಗೆ ಹಾರಿದ್ದಳು.

ಪೇಟ ತೊಡಿಸುವ ಮೊದಲೇ ತಾಹಿರ್ ಮೈಕು ಹಿಡಿದರು.

“ಒಂದು ಮಾತು ಹೇಳ್ಬೇಕು. ಆ ದಿನ ವಿಮಾನ ಎಳೆದದ್ದು ನಾನಲ್ಲ. ಯಂತ್ರ ಕೂಗಿದಾಗ ನಾನು ಅದು ಸುಳ್ಳು ಅಂದೆ. ಎಳೆದದ್ದು ನನ್ನ ಫಸ್ಟ್ ಆಫೀಸರ್ ಮೋಕ್ಷಾ. ಇಲ್ಲೇ ಕೂತಿರುವ ತನಿಯಣ್ಣನ ಮಗಳು. ನನ್ನನ್ನೂ ಸೇರಿಸಿ ಎಲ್ಲರ ಜೀವ ಉಳಿಸಿದ್ದು ಅವಳು.”

ಹಾಲ್‌ನಲ್ಲಿ ಚಪ್ಪಾಳೆ ಶುರುವಾಯಿತು. ಅಲ್ಲಿಯವರೆಗೆ ಬಿದ್ದಿರದಷ್ಟು ಜೋರು ಚಪ್ಪಾಳೆ. ಪೃಥ್ವಿರಾಜ್ ಕಣ್ಣೊರೆಸಿಕೊಂಡು ಮೈಕನ್ನು ಮರಳಿ ತೆಗೆದುಕೊಂಡರು.

“ನೋಡಿದಿರಾ ಬಂಧುಗಳೇ! ಇದು ದೊಡ್ಡವರ ಗುಣ. ಮಾಡಿದ್ದು ತಾವು, ಹೆಸರು ಕಿರಿಯರಿಗೆ! ಇಂಥ ವಿನಯ ಇಂದಿನ ಕಾಲದಲ್ಲಿ ಎಲ್ಲುಂಟು?”

“ವಿನಯ ಅಲ್ಲ ಮಾರಾಯ್ರೆ, ನಿಜ!” ಎಂದು ತಾಹಿರ್ ಕೂಗಿದರು. ಜನ ಇನ್ನೂ ಜೋರಾಗಿ ತಟ್ಟಿದರು. ಕೂಗುತ್ತಿದ್ದ ತಲೆಗೆ ಪೇಟ ಬಂದು ಕೂತಿತು, ಹೆಗಲಿಗೆ ಶಾಲು ಬಿತ್ತು, ಕೈಗೆ ಹಣ್ಣಿನ ಬುಟ್ಟಿ ಬಂತು. ಚಪ್ಪಾಳೆ ತಟ್ಟದೆ ಕೂತವರು ಮೂವರೇ: ತನಿಯ, ಚೆನ್ನು ಮತ್ತು ಮೊದಲ ಸಾಲಿನಲ್ಲಿದ್ದ ಪಕೀರಬ್ಬ.

ಮನೆಗೆ ಬರುವಾಗ ಕಾರಿನಲ್ಲಿ ಪಕೀರಬ್ಬ, ಮಗನನ್ನು ಕರೆಯುವಂತೆ, ಕೇಳಿದರು: “ಮೋನೇ, ನಿಜವಾ?”

“ನಿಜ ಮಾವ.”

“ಹೆದರಿಕೆ ಆಗಿತ್ತಾ?”

“ಇಲ್ಲ. ಅದೇ ತೊಂದರೆ ಆದದ್ದು.”

ಮರುದಿನ ಬೆಳಿಗ್ಗೆ ಪಕೀರಬ್ಬ ಟ್ಯಾಕ್ಸಿ ಹಿಡಿದು ಬಿನ್ ಮಹಮೂದ್‌ಗೆ ಹೋಗಿ, ಆ ಶಾಲು ಮತ್ತು ಹಣ್ಣಿನ ಬುಟ್ಟಿಯನ್ನು ತನಿಯನ ಮನೆಯಲ್ಲಿಟ್ಟರು. “ಇದು ನಿಮ್ಮ ಮಗಳದ್ದು, ತಪ್ಪಿ ನಮ್ಮ ಮನೆಗೆ ಬಂದಿತ್ತು” ಎಂದರು. ಹಣ್ಣು ತೆಗೆದುಕೊಳ್ಳುತ್ತೇವೆ, ಶಾಲು ಬೇಡವೆಂದು ಚೆನ್ನು ಹಟ ಹಿಡಿದಳು. ಬೇರೆಯವರ ಹೆಸರು ಕೂಗಿ ಹೊದಿಸಿದ್ದನ್ನು ನನ್ನ ಮಗಳು ಯಾಕೆ ಹೊದೆಯಬೇಕು ಎಂಬುದು ಅವಳ ವಾದ. ಪಕೀರಬ್ಬ ವಾಪಸು ಒಯ್ಯಲಿಲ್ಲ. ಶಾಲು ಬಹಳ ದಿನ ಆ ಮನೆಯ ಸೋಫಾದ ತೋಳಿನ ಮೇಲೆ, ಯಾರದ್ದೂ ಅಲ್ಲದ ವಸ್ತುವಿನಂತೆ ಬಿದ್ದಿತ್ತು.

ಜನರಿಗೆ ಹೇಳಿ ಪ್ರಯೋಜನವಿಲ್ಲವೆಂದು ಅರ್ಥವಾದ ಮೇಲೆ ತಾಹಿರ್ ಸುರಕ್ಷತಾ ವಿಭಾಗಕ್ಕೆ ಹೋದರು. ಅಲ್ಲಿನ ತಿರುಮಲೇಶ್ ಎಂಬ ಅಧಿಕಾರಿ ನಗದ, ಚಪ್ಪಾಳೆ ತಟ್ಟದ ಮನುಷ್ಯ. ಪ್ರಶ್ನೆ ಕೇಳಿದರು, ಉತ್ತರ ಬರೆದುಕೊಂಡರು, ಸಹಿ ಹಾಕಿಸಿಕೊಂಡರು. ಮಧ್ಯಾಹ್ನ ಮೋಕ್ಷಾಳನ್ನೂ ಕರೆಸಿದರು. ಕೊನೆಗೂ ಒಬ್ಬರು ತನ್ನ ಮಾತನ್ನು ನಂಬಿದರೆಂದು ತಾಹಿರ್‌ಗೆ ಹಗುರವಾಯಿತು. ಹಾಗೆ ಹಗುರಾಗಿಯೇ ಅವರು ಕಲಿಸುವ ಕೆಲಸ ಕಳೆದುಕೊಂಡರು. ಕೆಲವು ತಿಂಗಳು ಹಾರಾಟವೂ ನಿಂತಿತು, ಅವರಿಗೇ ಮರುತರಬೇತಿಯಾಯಿತು. ಅವರ ಕೈಕೆಳಗೆ ಕಲಿತ ವಿನಯ್ ಎಂಬ ತರುಣ ಕ್ಯಾಪ್ಟನ್ ಅವರನ್ನು ಸಿಮ್ಯುಲೇಟರಿನಲ್ಲಿ ಕೂರಿಸಿ, ತೀರ ಸಂಕೋಚದಿಂದ, “ಸರ್, ಹೊರಗೆ ನೋಡ್ಬಾರ್ದು” ಎಂದ. ಅವರು “ಯೆಸ್ ಸರ್” ಎಂದರು.

ಗೋಡೆಯ ಪೋಸ್ಟರ್ ಹೋಯಿತು. ಅದರ ಜಾಗಕ್ಕೆ ಬಂದ ಹೊಸತರಲ್ಲಿ ಮನುಷ್ಯರೇ ಇರಲಿಲ್ಲ, ಬರೀ ಒಂದು ಗುಡ್ಡವಿತ್ತು. ಗುಡ್ಡ ತನ್ನ ಹೇಳಿಕೆ ಬದಲಿಸುವ ಭಯವಿಲ್ಲವಲ್ಲ. ಮೋಕ್ಷಾಳಿಗೆ ಮೆಚ್ಚುಗೆ ಬಂತು. ಅದರ ಕೊನೆಯ ಸಾಲಿನಲ್ಲಿ, ಮುಂದಿನ ಸಲ ‘ಐ ಹ್ಯಾವ್ ಕಂಟ್ರೋಲ್’ ಎಂಬುದನ್ನು ಇನ್ನಷ್ಟು ಗಟ್ಟಿಯಾಗಿ ಹೇಳತಕ್ಕದ್ದು ಎಂಬ ಸಲಹೆಯಿತ್ತು.

ಅವಳು ಹೆದರಿದ್ದಂತೆ ಕ್ಯಾಪ್ಟನ್‌ಗಳು ಅವಳನ್ನು ನೋಡುವ ರೀತಿ ಬೇರೆಯಾದದ್ದೂ ನಿಜ. ಅವಳು ಪಕ್ಕದಲ್ಲಿದ್ದರೆ ಯಾರೂ ಬೇಗ ಇಳಿಯುತ್ತಿರಲಿಲ್ಲ, ಯಾರೂ ನಕ್ಷೆ ಮೀರುತ್ತಿರಲಿಲ್ಲ. ಹಿತ್ತಿಲಿನಂಥ ಊರುಗಳಿಗೂ ಮೊದಲ ಸಲ ಹೋಗುತ್ತಿರುವಂತೆ ಪುಟ ತಿರುವಿ ನೋಡುತ್ತಿದ್ದರು. “ತುಂಬ ಬೋರ್ ಆಗ್ತದೆ ಸರ್. ನನ್ನ ಫ್ಲೈಟ್‌ನಲ್ಲಿ ಒಂದು ತಪ್ಪೂ ನಡೆಯುವುದಿಲ್ಲ” ಎಂದು ಅವಳು ತಾಹಿರ್ ಹತ್ತಿರ ದೂರಿದ್ದುಂಟು. ಕರಾವಳಿ ಕೂಟದವರು ಮಾತ್ರ ಇಂದಿಗೂ ತಾಹಿರ್ ಅವರನ್ನು ಕಂಡರೆ, ಕಿರಿಯರಿಗಾಗಿ ಕೆಲಸವನ್ನೇ ಬಿಟ್ಟುಕೊಟ್ಟವರು ಎಂದು ಎದ್ದು ನಿಲ್ಲುತ್ತಾರೆ. ಅಲ್ಲವೆಂದು ಹೇಳಿ ಹೇಳಿ ಸಾಕಾಗಿ ಅವರು ಈಗ ಆ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ.

ಈ ಫೆಬ್ರವರಿಯಲ್ಲಿ ಮೋಕ್ಷಾಳನ್ನು ಕ್ಯಾಪ್ಟನ್ ಹುದ್ದೆಯ ತರಬೇತಿಗೆ ಆರಿಸುವ ಸಂದರ್ಶನವಿತ್ತು. ತನಿಯ ರಜೆ ಹಾಕಿ ಮಗಳ ಜೊತೆ ಬಂದು ಕಟ್ಟಡದ ಹೊರಗೆ ಕಾಯುತ್ತ ನಿಂತಿದ್ದ. ಮತ್ತೆ ಹಾರಾಟಕ್ಕೆ ಸೇರಿದ್ದ ತಾಹಿರ್ ಅವನನ್ನು ಕಂಡು, ಎದುರಿನ ಗೂಡಂಗಡಿಯಿಂದ ಎರಡು ಕಡಕ್ ಚಹಾ ತಂದರು. ಹಿತವಾದ ಬಿಸಿಲಿತ್ತು. ಇಬ್ಬರೂ ಕಟ್ಟೆಯ ಮೇಲೆ ಕ್ಷೇಮ ಸಮಾಚಾರ ಮಾತಾಡುತ್ತ ಕೂತರು.

“ಸರ್, ಒಂದು ಕೇಳ್ಬೇಕು ಅಂತ ಇತ್ತು. ಬೇಜಾರ್ ಮಾಡ್ಬೇಡಿ” ಎಂದ ತನಿಯ.

“ಕೇಳಿ ತನಿಯಣ್ಣ.”

“ಅವಳು ಎಳೆಯುವಾಗ ನಿಮ್ಮ ಕೈಯೂ ಅದರ ಮೇಲೆ ಇತ್ತಂತೆ. ನೀವು ಗಟ್ಟಿ ಹಿಡಿದಿದ್ದರೆ ಅವಳ ಕೈಲಿ ಆಗ್ತಿರಲಿಲ್ಲ, ಬಿಟ್ಟುಬಿಟ್ಟರು ಅಂತ ಹೇಳಿದ್ಲು. ಯಾಕೆ ಬಿಟ್ಟಿರಿ?”

ತಾಹಿರ್ ಚಹಾದ ಲೋಟವನ್ನು ಕೈಯಲ್ಲಿ ತಿರುಗಿಸಿದರು. ತಿರುಮಲೇಶ್ ಅಷ್ಟೆಲ್ಲ ಪ್ರಶ್ನೆ ಕೇಳಿದ್ದರೂ ಇದನ್ನು ಕೇಳಿರಲಿಲ್ಲ. ಅವಳ ಮೇಲೆ ನಂಬಿಕೆಯಿತ್ತು ಎಂದು ಹೇಳಬಹುದಿತ್ತು. ಕೇಳಲು ಚೆನ್ನಾಗಿರುತ್ತಿತ್ತು, ಪೃಥ್ವಿರಾಜ್ ಅವರಿಗಂತೂ ಕಣ್ಣಲ್ಲಿ ನೀರೇ ಬರುತ್ತಿತ್ತು.

“ಗೊತ್ತಿಲ್ಲ. ಯೋಚನೆ ಮಾಡಿ ಬಿಟ್ಟದ್ದಲ್ಲ. ಮಾಡಿದ್ದಿದ್ದರೆ ಬಿಡ್ತಿರಲಿಲ್ಲವೋ ಏನೋ” ಎಂದರು.

ತನಿಯ ತಲೆಯಾಡಿಸಿದ. ಒಪ್ಪಿದ್ದಕ್ಕೋ, ಚಹಾ ಚೆನ್ನಾಗಿದ್ದಕ್ಕೋ ತಿಳಿಯಲಿಲ್ಲ. ಅಷ್ಟರಲ್ಲಿ ಗಾಜಿನ ಬಾಗಿಲು ತೆರೆದು ಮೋಕ್ಷಾ ಹೊರಗೆ ಬಂದಳು. ಇಬ್ಬರೂ ಎದ್ದು ನಿಂತರು.

“ಆಯ್ತಾ? ಎಂತ ಹೇಳಿದ್ರು?”

“ಸೆಲೆಕ್ಟ್ ಆಯ್ತು” ಎಂದಳು ಅವಳು, ಟೈ ಸಡಿಲಿಸುತ್ತ. “ಯಲ್ಲಾ ಅಪ್ಪ, ಹಸಿವಾಗ್ತದೆ. ಸರ್, ನೀವೂ ಬನ್ನಿ. ಅಮ್ಮ ಕೋರಿರೊಟ್ಟಿ ಮಾಡಿದ್ದಾರೆ.”

ತಾಹಿರ್ ಕಾರಿನ ಕೀ ಹುಡುಕಿಕೊಂಡು ಅವರ ಹಿಂದೆ ನಡೆದರು.